ಶಸ್ತ್ರಚಿಕಿತ್ಸೆಯ ಗಾಯ: ವೈದ್ಯರೊಡನೆ ರೋಗಿಯೂ ಕೂಡಿ ಮಾಡಬೇಕಾದ ಕಾಯಕ

ಶರಣಧರ್ಮವು ದೇಹವನ್ನು ಹೀಗಳೆದ ಧರ್ಮವಲ್ಲ. ಇಷ್ಟಲಿಂಗವನ್ನು ಧರಿಸುವ ಅಂಗವನ್ನು ಅದು ಲಿಂಗದ ನೆಲೆಯೆಂದೇ ಭಾವಿಸಿತು. ಆದುದರಿಂದ ಅಂಗಕ್ಕೆ ಬಂದ ಬೇನೆಯನ್ನು ಅಲಕ್ಷಿಸುವುದು ವೈರಾಗ್ಯವೆನಿಸದು. ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನವರಿದ್ದರು. ರೋಗ, ಔಷಧ, ಪಥ್ಯಗಳ ಪರಿಭಾಷೆಯಲ್ಲಿಯೇ ಅವರು ಭವರೋಗವನ್ನು ಕುರಿತು ವಚನಗಳನ್ನು ರಚಿಸಿದರು. ಅನುಭವ ಮಂಟಪದಲ್ಲಿ ಅವರು ಕುಳಿತದ್ದು ಅಂಬಿಗ, ಮಡಿವಾಳ, ಹಡಪದ ಕಾಯಕದವರ ಪಂಕ್ತಿಯಲ್ಲಿ. ಬಲ್ಲವರು ಹೇಳುವುದು, ಉಳಿದವರು ಕೇಳುವುದು ಎಂಬ ಏಕಮುಖ ವ್ಯವಸ್ಥೆ ಅಲ್ಲಿರಲಿಲ್ಲ. ಅನುಭವವುಳ್ಳ ಪ್ರತಿಯೊಬ್ಬರ ಮಾತಿಗೂ ಅಲ್ಲಿ ತೂಕವಿತ್ತು.

ಇದನ್ನು ಇಲ್ಲಿ ಸ್ಮರಿಸಲು ಕಾರಣವಿದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ಭಕ್ತರ ಮನೆಗಳಲ್ಲಿ ಇಂದು ಶಸ್ತ್ರಚಿಕಿತ್ಸೆ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಸಿಸೇರಿಯನ್ ಹೆರಿಗೆ, ಅಪೆಂಡಿಕ್ಸ್, ಹರ್ನಿಯಾ, ಗರ್ಭಕೋಶದ ಶಸ್ತ್ರಚಿಕಿತ್ಸೆ, ಮುರಿದ ಕಾಲಿಗೆ ರಾಡು ಹಾಕಿಸುವುದು, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣನ್ನು ಕೊರೆದು ಶುದ್ಧಗೊಳಿಸುವುದು ಇವೆಲ್ಲ ಮನೆಮನೆಯ ಮಾತಾಗಿವೆ. ಶಸ್ತ್ರಚಿಕಿತ್ಸೆ ಸಾಂಗವಾಗಿ ನೆರವೇರಿದರೂ ಅನಂತರ ಹೊಲಿಗೆಯ ಜಾಗದಲ್ಲಿ ಕೀವು ಕಟ್ಟಿ ವಾರಗಟ್ಟಲೆ ನರಳಿದವರು ನಮ್ಮ ನಡುವೆ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಈ ಕುರಿತು ಮಾರ್ಗಸೂಚಿಗಳನ್ನು ಹೊರತಂದಾಗ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಪೈಕಿ ಶೇ. 11ರಷ್ಟು ಮಂದಿಗೆ ಸೋಂಕು ತಗಲುತ್ತದೆಂದು ತಿಳಿಸಿತು. ದಿನಗೂಲಿಯ ಮೇಲೆ ಬದುಕುವ ಕುಟುಂಬಕ್ಕೆ ಇದು ಬರಿಯ ಅಂಕಿಯಲ್ಲ. ರೋಗಿಯ ಕೂಲಿಯೂ ಹೋಯಿತು, ಆರೈಕೆಗೆ ನಿಂತವರ ಕೂಲಿಯೂ ಹೋಯಿತು, ಮತ್ತೆ ಆಸ್ಪತ್ರೆಗೆ ಓಡಾಡುವ ಬಸ್ಸಿನ ಖರ್ಚು ಬೇರೆ.

ಈ ಸೋಂಕು ಕಾಣಿಸಿಕೊಳ್ಳುವ ಕಾಲವನ್ನು ಮುಖ್ಯವಾಗಿ ಗಮನಿಸಬೇಕು. ಬಹುಪಾಲು ಪ್ರಸಂಗಗಳಲ್ಲಿ ಅದು ತಲೆದೋರುವುದು ಶಸ್ತ್ರಚಿಕಿತ್ಸೆಯಾದ ಐದರಿಂದ ಹತ್ತು ದಿನಗಳ ನಡುವೆ. ರೋಗಿ ಮನೆಗೆ ಮರಳುವುದಾದರೋ ಮೂರನೆಯ, ನಾಲ್ಕನೆಯ ದಿನಕ್ಕೇ. ವೈದ್ಯಶಾಸ್ತ್ರವು ಮೂವತ್ತು ದಿನಗಳವರೆಗೆ ಕಾಣಿಸುವ ಸೋಂಕನ್ನು ಶಸ್ತ್ರಚಿಕಿತ್ಸೆಯ ಸೋಂಕೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಮೂಳೆಗೆ ರಾಡು, ಪ್ಲೇಟು ಕೂರಿಸಿದ್ದರೆ ಈ ಅವಧಿ ತೊಂಬತ್ತು ದಿನಗಳು. ಹಾಗಾಗಿ ಗಾಯದ ಇತಿಹಾಸದ ಬಹುಭಾಗ ನಡೆಯುವುದು ವೈದ್ಯರ ಕಣ್ಣಿಗೆ ಬೀಳದ ಕಡೆ: ಸಂಡೂರಿನ ಗಣಿಯೂರಿನ ಮನೆಯಲ್ಲಿ, ಕಂಪ್ಲಿಯ ಗದ್ದೆಯಂಚಿನ ಗುಡಿಸಲಿನಲ್ಲಿ, ಕಮಲಾಪುರದ ಬಾಳೆತೋಟದ ದಾರಿಯಲ್ಲಿ. ಕೀವು ಬಂದ ರೋಗಿ ಅದೇ ಆಸ್ಪತ್ರೆಗೆ ಹಿಂದಿರುಗದೆ ಬೇರೊಂದು ಕ್ಲಿನಿಕ್ಕಿಗೆ ಹೋದರೆ, ಅಥವಾ ಔಷಧದಂಗಡಿಯಿಂದ ಮಾತ್ರೆ ತಂದು ನುಂಗಿ ಸುಮ್ಮನಾದರೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಪುಸ್ತಕದಲ್ಲಿ ಆತ ಗುಣಮುಖನಾಗಿಯೇ ಉಳಿಯುತ್ತಾನೆ. ತಮ್ಮ ಕೈಯಿಂದಾದ ಗಾಯಗಳಲ್ಲಿ ಎಷ್ಟು ಕೆಟ್ಟವು ಎಂಬುದು ರೋಗಿಯು ಹೇಳದ ಹೊರತು ಎಂತಹ ನಿಪುಣ ವೈದ್ಯರಿಗೂ ತಿಳಿಯದು. ಗಾಯದ ಆರೈಕೆಯನ್ನು ಸುಧಾರಿಸಬೇಕಾದರೆ ರೋಗಿಯನ್ನು ಜೊತೆಗೂಡಿಸಿಕೊಳ್ಳಲೇಬೇಕು ಎಂಬ ಮಾತಿನ ತಿರುಳು ಇಷ್ಟೆ.

ಈ ಅರಿವು ನಮ್ಮ ದೇಶಕ್ಕೆ ಹೊಸದಲ್ಲ. ಚರಕ ಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಒಂದೊಂದು ಪಾದಕ್ಕೂ ನಾಲ್ಕು ಗುಣಗಳಿವೆ. ರೋಗಿಗೆ ಇರಬೇಕಾದ ಗುಣಗಳಲ್ಲಿ ಜ್ಞಾಪಕಶಕ್ತಿ, ಹೇಳಿದಂತೆ ನಡೆಯುವುದು, ಧೈರ್ಯ ಇವುಗಳ ಜೊತೆಗೆ ತನ್ನ ಬೇನೆಯನ್ನು ವೈದ್ಯನಿಗೆ ತಿಳಿಯಹೇಳುವ ಸಾಮರ್ಥ್ಯವನ್ನೂ ಎಣಿಸಲಾಗಿದೆ. ಪರಿಚಾರಕನಿಗೆ ಆರೈಕೆಯ ತಿಳಿವಳಿಕೆ, ದಕ್ಷತೆ, ಅನುರಾಗ ಮತ್ತು ಶುಚಿತ್ವ ಬೇಕು. ಹೇಳಿದಂತೆ ನಡೆಯುವ ರೋಗಿಯನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡೆವು. ತಿಳಿಯಹೇಳುವ ರೋಗಿಯನ್ನು ಮಾತ್ರ ಎಲ್ಲಿಯೋ ಮರೆತೆವೆಂದು ತೋರುತ್ತದೆ.

ಪರಿಚಾರಕನ ಪಾದವನ್ನು ಮತ್ತೆ ಗಟ್ಟಿಗೊಳಿಸಿದ ಒಂದು ಪ್ರಯತ್ನ ಕರ್ನಾಟಕದಲ್ಲಿಯೇ ಆರಂಭವಾಯಿತು. 2012ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವೊಂದು ನಾರಾಯಣ ಹೃದಯಾಲಯ ಸಮೂಹದ ಆಸ್ಪತ್ರೆಗಳಿಗೆ ಬಂದಿತು. ಹೃದಯ ಶಸ್ತ್ರಚಿಕಿತ್ಸೆಗೆ ಬಂದವರ ಬಂಧುಗಳು ಆಸ್ಪತ್ರೆಯ ಜಗಲಿಗಳಲ್ಲಿ ದಿನವಿಡೀ ಮಾಡಲು ಕೆಲಸವಿಲ್ಲದೆ, ಆತಂಕದಿಂದ ಕುಳಿತಿರುವುದನ್ನು ಅವರು ಕಂಡರು. ಮನೆಗೆ ಹೋದ ಮೇಲೆ ಗಾಯವನ್ನು ನೋಡಿಕೊಳ್ಳಬೇಕಾದವರು ಆ ಬಂಧುಗಳೇ. ಆದರೆ ಅವರಿಗೆ ಕಲಿಸಿಕೊಡುವವರು ಯಾರೂ ಇರಲಿಲ್ಲ. ಕೈತೊಳೆಯುವ ಕ್ರಮ, ಗಾಯವನ್ನು ಒಣಗಿದಂತಿಡುವುದು, ಅಪಾಯದ ಗುರುತುಗಳು, ಮಾತ್ರೆಗಳ ವೇಳೆ ಇವನ್ನು ಶುಶ್ರೂಷಕಿಯರೇ ವಾರ್ಡಿನಲ್ಲಿ ಬಂಧುಗಳಿಗೆ ತೋರಿಸಿ, ಅವರ ಕೈಯಿಂದಲೇ ಮಾಡಿಸಿ ಕಲಿಸುವ ಪದ್ಧತಿಯನ್ನು ರೂಪಿಸಲಾಯಿತು. ಇದರಿಂದ ಹುಟ್ಟಿದ್ದೇ ನೂರಾ ಹೆಲ್ತ್ ಎಂಬ ಸಂಸ್ಥೆ ಮತ್ತು ಅದರ ‘ಕೇರ್ ಕಂಪ್ಯಾನಿಯನ್’ ಕಾರ್ಯಕ್ರಮ. ಮುಂದೆ ಅದು ಕರ್ನಾಟಕ, ಪಂಜಾಬ್, ಮಧ್ಯಪ್ರದೇಶ ಮೊದಲಾದ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೂ, ಬಾಣಂತಿ ಮತ್ತು ಶಿಶುಗಳ ಆರೈಕೆಗೂ ವಿಸ್ತರಿಸಿತು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯೊಬ್ಬನ ಜೊತೆ ನಾಲ್ವರು ಬರುವುದನ್ನು ಗದ್ದಲವೆಂದು ಗೊಣಗುವುದು ವಾಡಿಕೆ. ಆ ನಾಲ್ವರೇ ಆಸ್ಪತ್ರೆಯ ಬಲವೆಂದು ಕಂಡದ್ದು ಈ ಪ್ರಯತ್ನದ ಹಿರಿಮೆ.

ಜಗತ್ತಿನ ಇತರೆಡೆಯೂ ಇಂತಹ ಚಿಂತನೆ ನಡೆದಿದೆ. ಇಂಗ್ಲೆಂಡಿನಲ್ಲಿ 2004ರಲ್ಲಿ ಸ್ಥಾಪಿತವಾದ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ವೇದಿಕೆಯಲ್ಲಿ ರೋಗಿಗಳು, ಆರೈಕೆ ಮಾಡುವವರು, ವೈದ್ಯರು, ಶುಶ್ರೂಷಕರು ಒಂದೇ ಮೇಜಿನ ಸುತ್ತ ಕುಳಿತು, ಯಾವ ಪ್ರಶ್ನೆಗೆ ಮೊದಲು ಸಂಶೋಧನೆ ನಡೆಯಬೇಕೆಂದು ಒಮ್ಮತಕ್ಕೆ ಬರುತ್ತಾರೆ. ಗಾಯ ಹೇಗಿದೆಯೆಂದು ರೋಗಿಯೇ ಉತ್ತರಿಸಬಲ್ಲ ಪ್ರಶ್ನಾವಳಿಯೊಂದನ್ನೂ ಆ ದೇಶದಲ್ಲಿ ರೋಗಿಗಳ ನೆರವಿನಿಂದಲೇ ಸಿದ್ಧಪಡಿಸಲಾಯಿತು. ಅನಂತರ ಅದನ್ನು ನಮ್ಮಂತಹ ದೇಶಗಳಲ್ಲಿ ದೂರವಾಣಿಯ ಮೂಲಕ ಕೇಳಲು ತಕ್ಕಂತೆ ಮಾರ್ಪಡಿಸುವ ಕೆಲಸ ನಡೆಯಿತು. ಭಾಷಾಂತರ ಮಾತ್ರದಿಂದ ಈ ಕೆಲಸ ಮುಗಿಯುವುದಿಲ್ಲ. ಪ್ರಶ್ನೆಯ ಶಬ್ದ ಜನರ ಬಾಯಲ್ಲಿರುವ ಶಬ್ದವೇ ಆಗಿರಬೇಕು.

ನಂಜು ಎಂಬ ಶಬ್ದ

ನಮ್ಮ ಭಾಗದಲ್ಲಿ ಆ ಶಬ್ದ ‘ನಂಜು’. ವೈದ್ಯರು ಇನ್‌ಫೆಕ್ಷನ್ ಎನ್ನುತ್ತಾರೆ. ಮನೆಯ ಹಿರಿಯರು ಗಾಯ ನಂಜಾಗಿದೆ, ನಂಜೇರಿದೆ ಎನ್ನುತ್ತಾರೆ. ನಂಜು ಎಂದರೆ ವಿಷ. ವಿಜಯನಗರದ ಆರಂಭಕಾಲದಲ್ಲಿ, ಹರಿಹರನ ಆಳ್ವಿಕೆಯ ದಿನಗಳಲ್ಲಿ, ಮಂಗರಾಜ ಕವಿಯು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ವೈದ್ಯವನ್ನು ಜನರ ನುಡಿಯಲ್ಲಿ ಹೇಳುವ ಪರಂಪರೆ ಈ ನೆಲಕ್ಕೆ ಅಷ್ಟು ಹಳೆಯದು. ಇರಲಿ, ಪ್ರಸ್ತುತಕ್ಕೆ ಬರೋಣ. ವೈದ್ಯರು ‘ಇನ್‌ಫೆಕ್ಷನ್ ಇದೆಯೇ?’ ಎಂದು ಕೇಳಿದರೆ ರೋಗಿ ಇಲ್ಲವೆಂದು ತಲೆಯಾಡಿಸಬಹುದು. ‘ಗಾಯ ನಂಜಾದಂತೆ ಅನಿಸುತ್ತದೆಯೇ, ಒಸರುತ್ತದೆಯೇ, ವಾಸನೆ ಬರುತ್ತದೆಯೇ?’ ಎಂದು ಕೇಳಿದರೆ ಉತ್ತರ ಬೇರೆಯಾಗಿಯೇ ಬರಬಹುದು.

ಆದರೆ ಈ ಶಬ್ದಕ್ಕೆ ಇನ್ನೊಂದು ಮುಖವಿದೆ. ನಂಜಿನ ಪದಾರ್ಥಗಳೆಂದು ಮನೆಗಳಲ್ಲಿ ಒಂದು ಪಟ್ಟಿಯೇ ಇರುತ್ತದೆ. ಬದನೆಕಾಯಿ, ಶೇಂಗಾ, ಬೇಳೆ, ಕೆಲವೆಡೆ ಹಾಲು ಮೊಸರುಗಳೂ ಅದರಲ್ಲಿ ಸೇರುತ್ತವೆ. ಹೊಲಿಗೆ ಹಾಕಿಸಿಕೊಂಡು ಬಂದವರಿಗೆ, ಅದರಲ್ಲಿಯೂ ಸಿಸೇರಿಯನ್ ಆದ ಬಾಣಂತಿಗೆ, ಇವೆಲ್ಲವನ್ನೂ ಬಿಡಿಸಿ ಬರಿಯ ಅನ್ನ, ಸಾರು, ರೊಟ್ಟಿಯ ಮೇಲೆ ಇಡುತ್ತಾರೆ. ಗಾಯ ಕೂಡಬೇಕಾದರೆ ದೇಹವು ಹೊಸ ಮಾಂಸವನ್ನು, ಹೊಸ ಚರ್ಮವನ್ನು ಕಟ್ಟಬೇಕು. ಅದಕ್ಕೆ ಪ್ರೋಟೀನ್ ಬೇಕೇ ಬೇಕು. ಸಸ್ಯಾಹಾರಿಗಳಾದ ನಮಗೆ ಪ್ರೋಟೀನಿನ ಮೂಲವೇ ಬೇಳೆ, ಕಾಳು, ಶೇಂಗಾ, ಹಾಲು, ಮೊಸರು. ಇವನ್ನು ಕಿತ್ತುಕೊಂಡರೆ ಗೋಡೆ ಕಟ್ಟುವವನ ಕೈಯಿಂದ ಇಟ್ಟಿಗೆಯನ್ನು ಕಿತ್ತುಕೊಂಡಂತೆ. ಬೇಳೆ ತಿಂದರೆ ಗಾಯದಲ್ಲಿ ಕೀವಾಗುತ್ತದೆಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ವೈದ್ಯರಲ್ಲಿಯೂ ಒಂದು ವಿನಂತಿಯಿದೆ. ‘ಎಲ್ಲ ತಿನ್ನಿ’ ಎಂಬ ಒಂದು ಮಾತಿನಿಂದ ಈ ನಂಬಿಕೆ ಕರಗದು. ಅಡುಗೆ ಮಾಡುವ ಅತ್ತೆಯನ್ನೋ ತಾಯಿಯನ್ನೋ ಒಳಗೆ ಕರೆದು, ಹೆಸರುಬೇಳೆ ಕೊಡಿ, ಶೇಂಗಾ ಚಟ್ನಿ ಕೊಡಿ, ಮಜ್ಜಿಗೆ ಕೊಡಿ ಎಂದು ಪದಾರ್ಥದ ಹೆಸರು ಹಿಡಿದು ಹೇಳಬೇಕು. ಮೂತ್ರಪಿಂಡದ ತೊಂದರೆ ಇರುವವರ ಪಥ್ಯ ಬೇರೆ ಇರುತ್ತದೆ. ಅವರು ತಮ್ಮ ವೈದ್ಯರನ್ನೇ ಕೇಳಬೇಕು.

ಮನೆಮದ್ದುಗಳ ವಿಷಯವೂ ಹೀಗೆಯೇ. ಹೊಲಿಗೆಯ ಮೇಲೆ ಅರಿಶಿನ, ಎಣ್ಣೆ, ಬೂದಿ, ಕಾಫಿಪುಡಿ ಹಚ್ಚುವುದು ಹಾನಿಕರ. ಆದರೆ ಮನೆಯವರ ತಿಳಿವಳಿಕೆಯನ್ನು ಮೂಢನಂಬಿಕೆಯೆಂದು ಸಾರಾಸಗಟಾಗಿ ತಳ್ಳಿಹಾಕುವುದು ಕೂಡ ಸರಿಯಲ್ಲ. ಬಾಳೆ ಎಲೆಯ ಮಾತನ್ನೇ ನೋಡಿ. ಮುಂಬಯಿಯ ವೈದ್ಯರು ಸುಟ್ಟಗಾಯಗಳ ಮೇಲೆ ಬಾಳೆ ಎಲೆಯ ಪಟ್ಟಿಯನ್ನು ಪರೀಕ್ಷಿಸಿ, ಅದು ಗಾಯಕ್ಕೆ ಅಂಟದೆ, ಪಟ್ಟಿ ಬಿಚ್ಚುವಾಗ ನೋವು ಕೊಡದೆ, ಅಗ್ಗದಲ್ಲಿ ಒದಗುವುದೆಂದು 2003ರಲ್ಲಿ ಪ್ರಕಟಿಸಿದರು. ಅವರು ಎಲೆಯನ್ನು ತೋಟದಿಂದ ಕೊಯ್ದು ನೇರವಾಗಿ ಗಾಯದ ಮೇಲೆ ಇಡಲಿಲ್ಲ. ಬಟ್ಟೆಗೆ ಅಂಟಿಸಿ, ಹಬೆಯ ಯಂತ್ರದಲ್ಲಿ ಕ್ರಿಮಿಶುದ್ಧಿ ಮಾಡಿ ಬಳಸಿದರು. ಬಾಳೆತೋಟಗಳ ನಡುವೆ ಬದುಕುವ ಹೊಸಪೇಟೆ, ಕಂಪ್ಲಿಯವರಿಗೆ ಈ ವ್ಯತ್ಯಾಸ ಸುಲಭವಾಗಿ ಅರ್ಥವಾದೀತು. ಮನೆಯಿಂದ ಪ್ರಶ್ನೆ ಬರಲಿ, ಪರೀಕ್ಷೆ ವೈದ್ಯರ ಕೈಯಲ್ಲಿ ನಡೆಯಲಿ.

ಸರಳ ಕ್ರಮಗಳು, ದೊಡ್ಡ ಫಲ

ಸುಧಾರಣೆಯೆಂದರೆ ದುಬಾರಿ ಉಪಕರಣವೆಂದು ಭಾವಿಸಬೇಕಾಗಿಲ್ಲ. ಭಾರತವೂ ಸೇರಿ ಏಳು ದೇಶಗಳ ಆಸ್ಪತ್ರೆಗಳಲ್ಲಿ 13,301 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯ ಕೊನೆಗೆ ಹೊಲಿಗೆ ಹಾಕುವ ಮುನ್ನ ಇಡೀ ತಂಡ ಕೈಗವಸು ಬದಲಿಸಿ, ಹೊಸದಾಗಿ ಶುದ್ಧಗೊಳಿಸಿದ ಉಪಕರಣಗಳನ್ನು ಬಳಸಿತು. ಇಷ್ಟರಿಂದಲೇ ಸೋಂಕು ಶೇ. 18.9ರಿಂದ ಶೇ. 16ಕ್ಕೆ ಇಳಿಯಿತು. ಅದೇ ಸಂಶೋಧಕರ ಹಿಂದಿನ ವರ್ಷದ ಇನ್ನೊಂದು ಅಧ್ಯಯನದಲ್ಲಿ, ಕ್ರಿಮಿನಾಶಕ ಲೇಪಿಸಿದ ದುಬಾರಿ ಹೊಲಿಗೆ ದಾರದಿಂದ ಸಾಮಾನ್ಯ ದಾರಕ್ಕಿಂತ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ.

ಹಾಗೆಯೇ 2009ರಲ್ಲಿ ಪ್ರಕಟವಾದ, ದೆಹಲಿಯೂ ಸೇರಿದ ಎಂಟು ನಗರಗಳ ಅಧ್ಯಯನದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ಗಟ್ಟಿಯಾಗಿ ಓದಿ ಪಾಲಿಸಿದ್ದರಿಂದ ಗಾಯದ ಸೋಂಕು ಶೇ. 6.2ರಿಂದ ಶೇ. 3.4ಕ್ಕೆ ತಗ್ಗಿತು. ಆ ಪಟ್ಟಿಯ ಮೊದಲ ಸಾಲಿನಲ್ಲಿಯೇ ರೋಗಿಯ ಪಾತ್ರವಿದೆ. ಅರಿವಳಿಕೆ ಕೊಡುವ ಮುನ್ನ ತನ್ನ ಹೆಸರು, ಆಗಬೇಕಾದ ಶಸ್ತ್ರಚಿಕಿತ್ಸೆ, ದೇಹದ ಯಾವ ಭಾಗ ಎಂಬುದನ್ನು ರೋಗಿಯೇ ದೃಢಪಡಿಸಬೇಕು. ನಿಮ್ಮನ್ನು ಹೀಗೆ ಕೇಳಿದಾಗ ‘ಇಷ್ಟೂ ಗೊತ್ತಿಲ್ಲವೇ ಇವರಿಗೆ’ ಎಂದುಕೊಳ್ಳಬೇಡಿರಿ.

ಶಸ್ತ್ರಚಿಕಿತ್ಸೆಗೆ ಮುಂಚಿತವಾಗಿ ರೋಗಿಯ ಕೈಯಲ್ಲಿರುವ ಸಂಗತಿಗಳು ಹಲವಿವೆ. ಹಿಂದಿನ ದಿನ ಅಥವಾ ಅಂದು ಬೆಳಿಗ್ಗೆ ಸಾಬೂನು ಹಚ್ಚಿ ಮೈತುಂಬ ಸ್ನಾನ ಮಾಡಬೇಕು. ಶಸ್ತ್ರಚಿಕಿತ್ಸೆಯ ಜಾಗವನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡು ಬರಬಾರದು. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ಕ್ರಿಮಿಗಳು ಬೇರೂರುತ್ತವೆ. ಕೂದಲು ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರಿನಿಂದ ತೆಗೆಯುತ್ತಾರೆ. ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡುವುದು ಉತ್ತಮ. ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದುಕೊಳ್ಳಬೇಕು. ಹಿಂದೆ ಯಾವುದಾದರೂ ಗಾಯ ಕೆಟ್ಟಿದ್ದರೆ ಮರೆಮಾಚದೆ ಹೇಳಬೇಕು.

ಮನೆಗೆ ಹೊರಡುವ ದಿನ ಮೂರು ಪ್ರಶ್ನೆಗಳಿಗಾದರೂ ಉತ್ತರ ಪಡೆದುಕೊಳ್ಳದೆ ಆಸ್ಪತ್ರೆಯ ಮೆಟ್ಟಿಲು ಇಳಿಯಬಾರದು. ಯಾವಾಗ ಸ್ನಾನ ಮಾಡಬಹುದು? ಹೊಲಿಗೆ ಬಿಚ್ಚಿಸಲು ಯಾವ ದಿನ ಬರಬೇಕು? ತೊಂದರೆಯಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು? ಹೊಲಿಗೆ ಹಾಕಿದ ಗಾಯದ ಅಂಚುಗಳು ಸಾಮಾನ್ಯವಾಗಿ ಎರಡು ದಿನಗಳಲ್ಲಿ ಮೇಲ್ಭಾಗದಲ್ಲಿ ಕೂಡಿಕೊಳ್ಳುತ್ತವೆ. ಆದ್ದರಿಂದ ಅನೇಕರಿಗೆ ಆಮೇಲೆ ಮೇಲಿನಿಂದ ನೀರು ಸುರಿದುಕೊಳ್ಳಲು ವೈದ್ಯರು ಅನುಮತಿಸುತ್ತಾರೆ. ತಿಂಗಳುಗಟ್ಟಲೆ ನೀರು ಸೋಕಿಸಬಾರದೆಂಬ ಮಾತು ಎಲ್ಲರಿಗೂ ಅನ್ವಯಿಸದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ, ಬೆವರಿನಲ್ಲಿ ನೆನೆದ ಪಟ್ಟಿಯನ್ನು ವಾರಗಟ್ಟಲೆ ಹಾಗೆಯೇ ಬಿಡುವುದೇ ಹೆಚ್ಚು ಅಪಾಯ. ಕೆರೆ, ಕಾಲುವೆ, ಹೊಳೆಯಲ್ಲಿ ಮುಳುಗುವುದು ಮಾತ್ರ ಸಲ್ಲದು. ತುಂಗಭದ್ರೆಯ ಸ್ನಾನವೂ ಗಾಯ ಪೂರ್ತಿ ಮಾಯುವ ತನಕ ಕಾಯಲಿ.

ವೈದ್ಯರು ತಿಳಿದಿರಬೇಕಾದ ಮಾತೊಂದಿದೆ. ‘ಎರಡು ತಿಂಗಳು ವಿಶ್ರಾಂತಿ’ ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ಕಂಪ್ಲಿಯಲ್ಲಿ ನಾಟಿಯ ಕಾಲ ಬಂದರೆ ಹೆಣ್ಣುಮಕ್ಕಳು ಕೆಸರಿನಲ್ಲಿ ನಿಲ್ಲಲೇಬೇಕಾಗುತ್ತದೆ. ಸಂಡೂರಿನ ಗಣಿ ಲಾರಿಗಳ ದಾರಿಯಲ್ಲಿರುವ ಮನೆಗಳಲ್ಲಿ ಕೆಂಪು ದೂಳು ಅಡುಗೆಮನೆಯವರೆಗೂ ಬರುತ್ತದೆ. ರೋಗಿಯ ದುಡಿಮೆ ಯಾವುದು, ಮನೆ ಎಂತಹುದು, ನೀರು ಎಲ್ಲಿಂದ ತರುತ್ತಾರೆ ಎಂದು ಕೇಳಿ ತಿಳಿದುಕೊಂಡ ವೈದ್ಯರ ಸಲಹೆ ಪಾಲನೆಯಾಗುತ್ತದೆ. ಕೇಳದವರ ಸಲಹೆ ಚೀಟಿಯಲ್ಲಿಯೇ ಉಳಿಯುತ್ತದೆ. ರೋಗಿಯನ್ನು ಒಳಗೊಳ್ಳುವುದೆಂದರೆ ಆತನ ಸಹಿ ಪಡೆಯುವುದಲ್ಲ, ಆತನ ಬದುಕನ್ನು ಕೇಳಿಸಿಕೊಳ್ಳುವುದು.

ಗಾಯದ ಸುತ್ತ ಕೆಂಪು ಹರಡುವುದು, ಮುಟ್ಟಿದರೆ ಬಿಸಿ ಎನಿಸುವುದು, ಬಾವು, ದಿನದಿನಕ್ಕೆ ಕಡಿಮೆಯಾಗಬೇಕಾದ ನೋವು ಹೆಚ್ಚುವುದು, ಕೀವು ಅಥವಾ ದುರ್ವಾಸನೆ, ಹೊಲಿಗೆ ಬಿಟ್ಟುಕೊಳ್ಳುವುದು, ಚಳಿಜ್ವರ ಇವುಗಳಲ್ಲಿ ಯಾವುದೇ ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಹಿಂದೆ ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ನುಂಗಿ ನೋಡೋಣವೆಂದು ತಡಮಾಡಬಾರದು. ಡಾಕ್ಟರು ಬೈಯುತ್ತಾರೆಂಬ ಅಂಜಿಕೆಯಿಂದ ಮುಚ್ಚಿಟ್ಟವರೇ ಹೆಚ್ಚು. ಬೈಯದೆ ಕೇಳಿಸಿಕೊಳ್ಳುವ ಹೊಣೆ ವೈದ್ಯರದು, ಹೇಳುವ ಹೊಣೆ ನಮ್ಮದು. ಹೊಸಪೇಟೆಯಿಂದ, ಜನರು ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸುಮಾರು 60 ಕಿ.ಮೀ. ಆಗುತ್ತದೆ. ಸಣ್ಣ ಸೋಂಕನ್ನು ಊರಿನ ಹತ್ತಿರವೇ ತೋರಿಸಿಕೊಂಡರೆ ಈ ಪಯಣ ತಪ್ಪುತ್ತದೆ. ಸಿಸೇರಿಯನ್ ಆದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯರು 42ನೆಯ ದಿನದವರೆಗೆ ಭೇಟಿ ಕೊಡುತ್ತಾರೆ. ಮಗುವನ್ನು ತೋರಿಸಿ ಕಳಿಸಿಬಿಡದೆ ತಾಯಿಯ ಹೊಲಿಗೆಯನ್ನೂ ತೋರಿಸಬೇಕು. ಸರ್ಕಾರದ 104 ಸಹಾಯವಾಣಿಗೂ ಕರೆ ಮಾಡಬಹುದು.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ದುಃಖವನ್ನು ನಮ್ಮ ಭಾಗ ಮರೆತಿಲ್ಲ. ಅಲ್ಲಿ ಸಂಶಯ ಮೂಡಿದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ, ಗಾಯದ ಆರೈಕೆಯ ಮೇಲಲ್ಲ. ಆದರೂ ಆ ಘಟನೆಯ ತರುವಾಯ ಆಸ್ಪತ್ರೆಯೆಂದರೆ ಹಿಂಜರಿಯುವ ಮನಸ್ಸು ಬೆಳೆದಿರುವುದು ಸಹಜ. ಅಂಜಿ ದೂರ ಸರಿದರೆ ಆಸ್ಪತ್ರೆಗಳು ಸುಧಾರಿಸವು. ಪ್ರತಿಯೊಂದು ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿಯೆಂಬುದು ಇರುತ್ತದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಇಂತಹ ಸಮಿತಿಗಳನ್ನು ದೇಶದಾದ್ಯಂತ ವ್ಯಾಪಿಸಿತು. ಅದರಲ್ಲಿ ಸಾರ್ವಜನಿಕರಿಗೂ ಸ್ಥಾನವಿದೆ. ಬಣ್ಣ, ಬೆಂಚು, ಫ್ಯಾನುಗಳ ಚರ್ಚೆಗೆ ಸಭೆ ಮೀಸಲಾಗದೆ, ಕಳೆದ ತಿಂಗಳು ಎಷ್ಟು ಶಸ್ತ್ರಚಿಕಿತ್ಸೆಗಳಾದವು, ಎಷ್ಟು ಮಂದಿಯ ಗಾಯ ಕೆಟ್ಟಿತು, ಡ್ರೆಸ್ಸಿಂಗ್ ಕೋಣೆಯಲ್ಲಿ ಕೈತೊಳೆಯಲು ನೀರು, ಸಾಬೂನು ಇವೆಯೇ ಎಂಬ ಪ್ರಶ್ನೆಗಳನ್ನು ಸದಸ್ಯರಾದ ಭಕ್ತರು ಕೇಳಬೇಕು. ಮಠಗಳಲ್ಲಿ ನಡೆಯುವ ಮಾಸಿಕ ಶಿವಾನುಭವ ಗೋಷ್ಠಿಗಳಲ್ಲಿಯೂ ವರ್ಷಕ್ಕೊಮ್ಮೆಯಾದರೂ ಊರಿನ ವೈದ್ಯರು, ಶುಶ್ರೂಷಕಿಯರು ಮತ್ತು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಒಂದೇ ಜಮಖಾನೆಯ ಮೇಲೆ ಕುಳಿತು ಮಾತನಾಡಿದರೆ ಅದು ಗೋಷ್ಠಿಯ ಘನತೆಗೆ ಕುಂದಲ್ಲ.

ಲಿಂಗಪೂಜೆಯ ಕುರಿತು

ಇಷ್ಟಲಿಂಗಧಾರಿಗಳಾದ ಭಕ್ತರಿಗೆ ಕೆಲವು ಸಂದೇಹಗಳು ಬರುತ್ತವೆ. ಅವನ್ನು ವೈದ್ಯರೊಡನೆ ಆಡಲು ಸಂಕೋಚಪಡುತ್ತಾರೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವಿದ್ಯುತ್ತಿನ ಉಪಕರಣಗಳನ್ನು ಬಳಸುವುದರಿಂದ ಲೋಹದ ವಸ್ತುಗಳನ್ನು ತೆಗೆಸುತ್ತಾರೆ. ಬೆಳ್ಳಿಯ ಕರಡಿಗೆ ಇದ್ದರೆ ಮೊದಲೇ ತಿಳಿಸಿ, ಶುಭ್ರವಾದ ವಸ್ತ್ರದಲ್ಲಿ ಲಿಂಗವನ್ನು ಇಟ್ಟುಕೊಳ್ಳಲು ಅವಕಾಶವಿದೆಯೇ ಎಂದು ಕೇಳಬಹುದು. ಅದು ಸಾಧ್ಯವಿಲ್ಲವೆಂದರೆ ಲಿಂಗಧಾರಿಯಾದ ಬಂಧುವಿನ ಬಳಿ ಒಪ್ಪಿಸಿ, ಹೊರಬಂದೊಡನೆ ಧರಿಸಬಹುದು. ಅರಿವಳಿಕೆಗೆ ಮುನ್ನ ಉಪವಾಸವಿರಬೇಕೆಂದು ಹೇಳಿದ್ದಾಗ, ಬೆಳಗಿನ ಪೂಜೆಯ ಪಾದೋದಕ ಕೆಲವೇ ಹನಿಗಳಾದರೂ ಅರಿವಳಿಕೆ ವೈದ್ಯರನ್ನು ಕೇಳಿಯೇ ಸ್ವೀಕರಿಸಬೇಕು. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸುವವರು ಡ್ರಿಪ್ಪಿನ ಸೂಜಿಯನ್ನು ಸಾಧ್ಯವಾದರೆ ಬಲಗೈಗೆ ಹಾಕಿರೆಂದು ಸಿಸ್ಟರಲ್ಲಿ ಮೊದಲೇ ವಿನಂತಿಸಿದರೆ ಅವರು ಬೇಡವೆನ್ನಲಾರರು.

ವಿಭೂತಿಯು ಹಣೆಯಲ್ಲಿರಲಿ, ಹೊಲಿಗೆಯ ಮೇಲೆ, ತೆರೆದ ಗಾಯದ ಸಮೀಪ ಬೇಡ. ಎದೆಯ ಶಸ್ತ್ರಚಿಕಿತ್ಸೆಯಾದವರು ಶಿವದಾರವನ್ನು ಗಾಯಕ್ಕೆ ಉಜ್ಜದಂತೆ ಮೋಟು ಮಾಡಿಕೊಳ್ಳಬಹುದು ಅಥವಾ ತೋಳಿಗೆ ಕಟ್ಟಿಕೊಳ್ಳಬಹುದು. ಬೆವರಿನಿಂದ ಹಳತಾದ ದಾರವನ್ನು ಬದಲಿಸಿ ಹೊಸದನ್ನು ಹಾಕಿಕೊಳ್ಳುವುದು ಒಳ್ಳೆಯದು. ಸ್ನಾನಕ್ಕೆ ಅನುಮತಿ ದೊರೆಯುವ ತನಕ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ಕೈಕಾಲು ಮುಖ ತೊಳೆದು, ಹಾಸಿಗೆಯ ಮೇಲೆಯೇ ಕುಳಿತು ಪೂಜೆ ಮಾಡಬಹುದು. ಪೂಜೆಯ ನೀರು ಪಟ್ಟಿಯ ಮೇಲೆ ಬೀಳದಂತೆ ಮಡಿಲಲ್ಲಿ ಒಂದು ಒಣ ವಸ್ತ್ರ ಹಾಸಿಕೊಂಡರಾಯಿತು.